ಎಲ್ಲ ಹೊಟ್ಟೆನೋವೂ ಗ್ಯಾಸ್ಟ್ರಿಕ್ ಅಲ್ಲ: ನಲವತ್ತು ದಾಟಿದ ಶ್ರಾವಿಕೆಯರು, ಪಿತ್ತಕೋಶದ ಕಲ್ಲು ಮತ್ತು ವ್ರತ-ಉಪವಾಸ

ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಜೈನ ಮನೆಗಳಲ್ಲಿ ನಲವತ್ತೈದು-ಐವತ್ತು ವಯಸ್ಸಿನ ಹೆಣ್ಣುಮಕ್ಕಳು ಹೊಟ್ಟೆನೋವಿಗೆಲ್ಲ ಇಟ್ಟುಕೊಂಡಿರುವ ಹೆಸರು ಒಂದೇ: ಗ್ಯಾಸ್ಟ್ರಿಕ್. ಹೋಳಿಗೆ-ತುಪ್ಪದ ಊಟವಾಗಿ ಒಂದೆರಡು ಗಂಟೆಗೆ ಬಲಪಕ್ಕೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್, ಪಾರಣೆಯ ದಿನ ವಾಂತಿಯಾದರೂ ಗ್ಯಾಸ್ಟ್ರಿಕ್, ನಡುರಾತ್ರಿ ಎದ್ದು ಕೂತು ಬೆಳಗು ಮಾಡಿದರೂ ಗ್ಯಾಸ್ಟ್ರಿಕ್. ಜೀರಿಗೆ ಕಷಾಯ, ಓಮದ ನೀರು, ಮೆಡಿಕಲ್ ಶಾಪಿನಿಂದ ಮಗ ತಂದುಕೊಟ್ಟ ಒಂದು ಮಾತ್ರೆ, ಇಷ್ಟರಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ನೋವು ಇಳಿದ ಮೇಲೆ ಡಾಕ್ಟರ ಹತ್ತಿರ ಹೋಗುವವರು ಯಾರು? ಅಂಗಡಿ, ಅಡುಗೆ, ಅತ್ತೆಯ ಆರೈಕೆ, ಬಸದಿಯ ಅಭಿಷೇಕ, ಮಗಳ ಮದುವೆ ಎಂದು ದಿನ ಮುಂದಕ್ಕೆ ಹೋಗುತ್ತದೆ. ಆರು ತಿಂಗಳಿಗೋ ಎರಡು ವರ್ಷಕ್ಕೋ ಜ್ವರ, ಕಾಮಾಲೆ ಸೇರಿಕೊಂಡು ರಾತ್ರೋರಾತ್ರಿ ಹಾಸನಕ್ಕೆ ಓಡುವ ಪ್ರಸಂಗ ಬರುತ್ತದೆ. ಹೀಗೆ ಓಡಬೇಕಾಗಿ ಬರುವ ಕಾಯಿಲೆಗಳಲ್ಲಿ ಪಿತ್ತಕೋಶದ ಕಲ್ಲು ಮುಖ್ಯವಾದದ್ದು.

ಉಪವಾಸ, ನೋಂಪಿ, ಏಕಾಶನಗಳು ನಡೆಯುವ ಮನೆಗಳಲ್ಲಿ ಇದನ್ನು ತಿಳಿದುಕೊಳ್ಳುವ ಅಗತ್ಯ ಇನ್ನೂ ಹೆಚ್ಚು. ಉಪವಾಸ ತಪ್ಪು ಎಂದು ಹೇಳಲು ಅಲ್ಲ. ಪಿತ್ತಕೋಶದಲ್ಲಿ ಕಲ್ಲಿದೆಯೋ ಇಲ್ಲವೋ ಎಂದು ತಿಳಿದು ಉಪವಾಸ ಮಾಡುವುದಕ್ಕೂ ತಿಳಿಯದೆ ಮಾಡುವುದಕ್ಕೂ ವ್ಯತ್ಯಾಸವಿದೆ.

ಪಿತ್ತಕೋಶ ಎಂಬ ಸಣ್ಣ ಗೋಡೌನ್

ಮಾತಿನಲ್ಲಿ “ಪಿತ್ತ ಆಗಿದೆ” ಎಂದರೆ ತಲೆಸುತ್ತು, ಹುಳಿ ವಾಂತಿ. ಇಲ್ಲಿ ಹೇಳುತ್ತಿರುವ ಪಿತ್ತರಸ ಬೇರೆ. ಯಕೃತ್ತು, ಅಂದರೆ ಲಿವರ್, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಹಸಿರು-ಹಳದಿ ಬಣ್ಣದ ಪಿತ್ತರಸ ತಯಾರಿಸುತ್ತದೆ. ಎಣ್ಣೆ, ತುಪ್ಪ, ಕೊಬ್ಬರಿಯ ಜಿಡ್ಡನ್ನು ಜೀರ್ಣಿಸಲು ಇದು ಬೇಕು. ಊಟವಿಲ್ಲದ ಹೊತ್ತಿನಲ್ಲಿ ಈ ರಸ ಲಿವರಿನ ಕೆಳಗೆ ಅಂಟಿಕೊಂಡಿರುವ ಸಣ್ಣ ಚೀಲದಲ್ಲಿ ಶೇಖರವಾಗುತ್ತದೆ. ಅದೇ ಪಿತ್ತಕೋಶ, ಅಂದರೆ ಗಾಲ್ ಬ್ಲಾಡರ್. ಅದು ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ರಸದ ನೀರನ್ನು ಹೀರಿ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಜಿಡ್ಡಿನ ಊಟ ಕರುಳಿಗೆ ಇಳಿದಾಗ ಚೀಲ ಹಿಂಡಿಕೊಂಡು ರಸವನ್ನು ಬಿಡುತ್ತದೆ.

ಕೊಬ್ಬರಿ ವ್ಯಾಪಾರ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಗೋಡೌನಿನಲ್ಲಿ ಮಾಲು ಒಳಗೆ ಬರುತ್ತಲೂ ಹೊರಗೆ ಹೋಗುತ್ತಲೂ ಇರಬೇಕು. ನಿಂತ ಮಾಲು ಕೆಡುತ್ತದೆ. ಪಿತ್ತರಸ ಬಹಳ ಹೊತ್ತು ನಿಂತರೆ, ಅಥವಾ ಅದರಲ್ಲಿ ಕೊಲೆಸ್ಟರಾಲ್ ಪ್ರಮಾಣ ಹೆಚ್ಚಾದರೆ, ಮೊದಲು ಕೆಸರಿನಂತಾಗುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಇದಕ್ಕೆ “ಸ್ಲಡ್ಜ್” ಎಂದು ಬರೆದಿರುತ್ತಾರೆ. ಅದೇ ಮುಂದೆ ಹರಳಾಗಿ, ಹರಳು ಕಲ್ಲಾಗುತ್ತದೆ. ಸಾಸಿವೆ ಕಾಳಿನಷ್ಟು ಸಣ್ಣದೂ ಇರಬಹುದು, ನಿಂಬೆಹಣ್ಣಿನಷ್ಟು ದೊಡ್ಡದೂ ಆಗಬಹುದು. ಸಣ್ಣದು ಕಡಿಮೆ ಅಪಾಯ ಎಂದು ತಿಳಿಯಬಾರದು. ಸಣ್ಣ ಕಲ್ಲೇ ಜಾರಿ ಪಿತ್ತನಾಳಕ್ಕೆ ಇಳಿದು ಕಾಮಾಲೆ ತರುತ್ತದೆ, ಮೇದೋಜೀರಕ ಗ್ರಂಥಿಯ ದಾರಿಯನ್ನೂ ಕಟ್ಟಿ ಪ್ಯಾಂಕ್ರಿಯಾಟೈಟಿಸ್ ಎಂಬ ಪ್ರಾಣಾಪಾಯದ ಉರಿಯೂತಕ್ಕೆ ಕಾರಣವಾಗುತ್ತದೆ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡು ಪಟ್ಟು ಹೆಚ್ಚು. ಕಾರಣ ಹೆಣ್ಣಿನ ದೇಹದ ರಸಗಳೇ. ಈಸ್ಟ್ರೋಜನ್ ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಿಸುತ್ತದೆ. ಗರ್ಭಿಣಿಯಾಗಿದ್ದಾಗ ಏರುವ ಪ್ರೊಜೆಸ್ಟರಾನ್ ಚೀಲದ ಹಿಂಡುವ ಶಕ್ತಿಯನ್ನು ಕಡಿಮೆ ಮಾಡುತ್ತದೆ. ಹೀಗಾಗಿ ಇಪ್ಪತ್ತೈದನೇ ವಯಸ್ಸಿನ ಬಸಿರಿನಲ್ಲಿ ಶುರುವಾದ ಹರಳು ಐವತ್ತಕ್ಕೆ ನೋವು ಕೊಡಬಹುದು. ತೂಕ ಹೆಚ್ಚಿರುವುದು, ಸಕ್ಕರೆ ಕಾಯಿಲೆ, ತಾಯಿಗೋ ಅಕ್ಕನಿಗೋ ಕಲ್ಲು ಇದ್ದದ್ದು, ಮುಟ್ಟು ನಿಲ್ಲುವ ಕಾಲದಲ್ಲಿ ನುಂಗುವ ಹಾರ್ಮೋನ್ ಮಾತ್ರೆ, ಇವೂ ಸೇರುತ್ತವೆ.

“ಮಾಂಸ, ಮೊಟ್ಟೆ ಮುಟ್ಟದ ನಮಗೆ ಕೊಲೆಸ್ಟರಾಲ್ ಕಲ್ಲು ಹೇಗೆ?” ಎಂಬ ಪ್ರಶ್ನೆ ಸಹಜ. ಕೊಲೆಸ್ಟರಾಲಿನ ಹೆಚ್ಚಿನ ಭಾಗವನ್ನು ನಮ್ಮ ಲಿವರೇ ತಯಾರಿಸುತ್ತದೆ. ಸಸ್ಯಾಹಾರದಿಂದ ಅಪಾಯ ಕಡಿಮೆಯಾದೀತು, ಇಲ್ಲವೇ ಇಲ್ಲ ಎಂದಾಗುವುದಿಲ್ಲ. ಬಿಳಿ ಅಕ್ಕಿ, ಮೈದಾ, ಸಿಹಿ, ಕರಿದ ನಿಪ್ಪಟ್ಟು-ಕೋಡುಬಳೆ ಎಲ್ಲವೂ ಶುದ್ಧ ಸಸ್ಯಾಹಾರವೇ ಎಂಬುದನ್ನು ಮರೆಯಬಾರದು.

ವ್ರತದ ದಿನಗಳಲ್ಲಿ ಒಳಗೆ ನಡೆಯುವುದು

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವ, ವರ್ಷಕ್ಕೆ ಮೂರು ಬಾರಿ ಬರುವ ಅಷ್ಟಾಹ್ನಿಕ, ಅಷ್ಟಮಿ-ಚತುರ್ದಶಿಯ ಉಪವಾಸ, ಅನಂತ ನೋಂಪಿ ದಿಗಂಬರ ಮನೆಗಳ ರೂಢಿ. ಪೇಟೆಯಲ್ಲಿ ನೆಲೆಸಿದ ಶ್ವೇತಾಂಬರ ಮನೆಗಳಲ್ಲಿ ಪರ್ಯೂಷಣದ ಅಠಾಯಿ, ಆಯಂಬಿಲ್ ಓಳಿ, ವರ್ಷೀತಪ. ಆರೋಗ್ಯವಂತರಿಗೆ ಒಂದು ದಿನದ ಉಪವಾಸದಿಂದ ಪಿತ್ತಕೋಶಕ್ಕೆ ತೊಂದರೆಯೇನೂ ಇಲ್ಲ. ಆದರೆ ಎಂಟು-ಹತ್ತು ದಿನ ಏನೂ ತಿನ್ನದಿದ್ದರೆ ಚೀಲಕ್ಕೆ ಹಿಂಡಿಕೊಳ್ಳಲು ಕರೆಯೇ ಬರುವುದಿಲ್ಲ. ರಸ ನಿಂತು ಕೆಸರಾಗುತ್ತದೆ. ಆಯಂಬಿಲ್‌ನಲ್ಲಿ ಊಟವಿದೆ, ಆದರೆ ಎಣ್ಣೆ-ತುಪ್ಪ-ಹಾಲು ಇಲ್ಲ. ಜಿಡ್ಡಿಲ್ಲದ ಊಟಕ್ಕೆ ಚೀಲ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ತೂಕ ಇಳಿದರೆ ಕಲ್ಲಾಗುವ ಸಂಭವ ಏರುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ತೂಕ ಇಳಿಸುವ ಉದ್ದೇಶಕ್ಕೆ ತಪಸ್ಸಿನ ಹೆಸರು ಕೊಟ್ಟು ಉಪವಾಸದ ಮೇಲೆ ಉಪವಾಸ ಮಾಡುವವರು ಇದನ್ನು ಗಮನಿಸಬೇಕು.

ಮೊದಲೇ ಕಲ್ಲಿದ್ದವರಿಗೆ ಹೆಚ್ಚು ಎಚ್ಚರ ಬೇಕಾದದ್ದು ಉಪವಾಸಕ್ಕಿಂತ ಪಾರಣೆಯ ದಿನ. ಹತ್ತು ದಿನ ಸುಮ್ಮನಿದ್ದ ಚೀಲಕ್ಕೆ ಒಂದೇ ಸಲ ತುಪ್ಪ, ಬಾದಾಮಿ ಹಾಲು, ಕಾಯಿ ಹೋಳಿಗೆ ಇಳಿದರೆ ಅದು ಬಲವಾಗಿ ಹಿಂಡಿಕೊಂಡು ಕಲ್ಲನ್ನು ಬಾಯಿಗೆ ತಂದು ಸಿಕ್ಕಿಸುತ್ತದೆ. ನೋವು ಅಲ್ಲೇ ಶುರು. ಸಂಬಂಧಿಕರು ಪ್ರೀತಿಯಿಂದ ಒತ್ತಾಯ ಮಾಡಿ ಬಡಿಸುವ ರೂಢಿ ಇಲ್ಲಿ ಸ್ವಲ್ಪ ಬದಲಾಗಬೇಕು. ಹೆಸರುಬೇಳೆ ಕಟ್ಟು, ಗಂಜಿ, ಮೆತ್ತಗಿನ ಅನ್ನದಿಂದ ಆರಂಭಿಸಿ ಎರಡು-ಮೂರು ದಿನದಲ್ಲಿ ನಿಧಾನವಾಗಿ ತುಪ್ಪಕ್ಕೆ ಬರುವುದು ಒಳ್ಳೆಯದು.

ರಾತ್ರಿಭೋಜನ ತ್ಯಾಗದ ಬಗ್ಗೆಯೂ ಒಂದು ಮಾತು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವುದು ಎದೆಯುರಿ, ಹುಳಿತೇಗು ಇರುವವರಿಗೆ ನಿಜಕ್ಕೂ ಉಪಕಾರಿ. ಮಲಗುವ ಹೊತ್ತಿಗೆ ಹೊಟ್ಟೆ ಖಾಲಿಯಾಗಿರುತ್ತದೆ. ತೊಂದರೆ ಇರುವುದು ಮರುದಿನ ಬೆಳಿಗ್ಗೆ. ಸಂಜೆ ಆರಕ್ಕೆ ಉಂಡವರು ಅಭಿಷೇಕ, ಪೂಜೆ, ಮನೆಯವರ ತಿಂಡಿ, ಮಕ್ಕಳ ಡಬ್ಬಿ ಎಲ್ಲ ಮುಗಿಸಿ ಹನ್ನೊಂದಕ್ಕೆ ತಟ್ಟೆ ಮುಂದೆ ಕೂರುತ್ತಾರೆ. ಹದಿನೇಳು ಗಂಟೆಯಾಯಿತು. ವ್ರತವಿಲ್ಲದ ದಿನ ಹೀಗೆ ಕಾಯುವುದರಿಂದ ಪುಣ್ಯವೂ ಇಲ್ಲ, ಆರೋಗ್ಯವೂ ಇಲ್ಲ. ಸೂರ್ಯೋದಯವಾದ ಮೇಲೆ ಬೇಗ ಸ್ವಲ್ಪ ತಿಂಡಿ, ಅದರ ಮೇಲೆ ಒಂದೆರಡು ಚಮಚ ಒಳ್ಳೆಯ ಎಣ್ಣೆಯೋ ತುಪ್ಪವೋ ಇದ್ದರೆ ಚೀಲ ಖಾಲಿಯಾಗುತ್ತದೆ. ಈ ಮಾತು ಕಲ್ಲು ಇಲ್ಲದವರಿಗೆ. ಕಲ್ಲಿದ್ದು ನೋವು ಬರುತ್ತಿರುವವರು ಆಪರೇಷನ್ ಆಗುವವರೆಗೆ ಜಿಡ್ಡು ಕಡಿಮೆ ಮಾಡಿ ಸ್ವಲ್ಪಸ್ವಲ್ಪ ಉಣ್ಣಬೇಕು.

ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೆ ಮಲಬದ್ಧತೆ, ಹೊಟ್ಟೆ ಉಬ್ಬರ ಹೆಚ್ಚು. ಗಡ್ಡೆ-ಗೆಣಸು ಮೊದಲೇ ಇಲ್ಲ, ಸೊಪ್ಪೂ ಹೋದರೆ ನಾರು ಎಲ್ಲಿಂದ ಬರಬೇಕು? ಹೀರೆ, ಪಡವಲ, ಸೋರೆ, ಸಿಪ್ಪೆ ತೆಗೆಯದ ಹೆಸರುಕಾಳು, ರಾಗಿ ಮುದ್ದೆಗಳಿಂದ ತುಂಬಿಸಿಕೊಳ್ಳಬೇಕು. ಕುದಿಸಿ ಆರಿಸಿದ ನೀರನ್ನು ಹಗಲಿನಲ್ಲೇ ಧಾರಾಳವಾಗಿ ಕುಡಿಯಬೇಕು.

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಶ್ವೇತಾಂಬರ ಪ್ರತ್ಯಾಖ್ಯಾನಗಳಲ್ಲಿ ಕಾಯಿಲೆಯಂಥ ಸಂದರ್ಭಕ್ಕೆ ಆಗಾರಗಳಿವೆ. ಕಲ್ಲು ಇದೆ ಎಂದು ಗೊತ್ತಾದವರು ದೀರ್ಘ ಉಪವಾಸ ಹಿಡಿಯುವ ಮುಂಚೆ ವೈದ್ಯರನ್ನೂ ತ್ಯಾಗಿಗಳನ್ನೂ ಕೇಳಬೇಕು. ಅನ್ನ ಬಿಡಲಾಗದವರಿಗೆ ರಸತ್ಯಾಗ, ಸ್ವಾಧ್ಯಾಯ, ಮೌನ ಹೀಗೆ ಬೇರೆ ದಾರಿಗಳನ್ನು ತೋರಿಸಬಲ್ಲವರು ಅವರೇ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಂತೂ ಕೇಳದೆ ಒಂದು ದಿನವೂ ನಿರಾಹಾರ ಇರಬಾರದು.

ಯಾವ ನೋವು ಕಾಯಬಹುದು, ಯಾವುದು ಕಾಯಬಾರದು

ಪಿತ್ತಕೋಶದ ನೋವಿಗೆ ಒಂದು ಗುರುತಿದೆ. ಹೊಟ್ಟೆಯ ಮೇಲ್ಭಾಗದ ನಡುವೆ ಅಥವಾ ಬಲಪಕ್ಕೆಯ ಕೆಳಗೆ ಶುರುವಾಗಿ ಬೆನ್ನಿಗೆ, ಬಲ ಹೆಗಲಿನ ರೆಕ್ಕೆಗೆ ಹರಡುತ್ತದೆ. ಅರ್ಧ ಗಂಟೆಯಿಂದ ನಾಲ್ಕೈದು ಗಂಟೆ ಒಂದೇ ಸಮನೆ ಇರುತ್ತದೆ. ತೇಗು ಬಂದರೂ, ಗಾಳಿ ಹೋದರೂ, ಹೊರಳಿ ಮಲಗಿದರೂ ಕಡಿಮೆಯಾಗುವುದಿಲ್ಲ. ವಾಕರಿಕೆ ಜೊತೆಗಿರುತ್ತದೆ. ಗ್ಯಾಸ್ಟ್ರಿಕ್ ಉರಿ ಹಾಗಲ್ಲ. ಎದೆಯ ನಡುವೆ ಉರಿದು ಮಾತ್ರೆಗೆ ತಗ್ಗುತ್ತದೆ. ಈ ರೀತಿಯ ನೋವು ಎರಡನೇ ಸಲ ಬಂದರೆ, ಆರಾಮವಾಗಿರುವ ದಿನವೇ, ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಬೇಕು. ಆರೆಂಟು ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಸಂಜೆ ಊಟ ಮುಗಿಸುವವರಿಗೆ ಬೆಳಗಿನ ಸ್ಕ್ಯಾನಿಂಗ್ ಬಹಳ ಸುಲಭ. ಚೀಲದೊಳಗಿನ ಕಲ್ಲು ಇದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಕಾಣಿಸುತ್ತದೆ. ನಾಳಕ್ಕೆ ಜಾರಿದ ಕಲ್ಲು ಮಾತ್ರ ತಪ್ಪಿಹೋಗಬಹುದು. ಅದಕ್ಕೆ ಎಂ.ಆರ್.ಸಿ.ಪಿ. ಎಂಬ ಬೇರೆ ಸ್ಕ್ಯಾನ್ ಇದೆ.

ಕಾಯಬಾರದ ಲಕ್ಷಣಗಳು ಇವು: ಐದಾರು ಗಂಟೆಯಾದರೂ ಬಿಡದ ನೋವು, ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದು, ಮಲ ಬಿಳಿಚಿಕೊಳ್ಳುವುದು, ನಿಲ್ಲದ ವಾಂತಿ. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಳೇಬೀಡಿನ ಬಸ್ತಿಹಳ್ಳಿಯ ಕಡೆಯವರು, ಜಾವಗಲ್ ಸುತ್ತಿನ ಹಳ್ಳಿಯವರು ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಕಾಮಾಲೆ ಎಂದ ಕೂಡಲೇ ನಾಟಿ ಔಷಧಿ ಹಾಕಿಸಲು ಹೋಗುವ ಅಭ್ಯಾಸ ಇಲ್ಲಿ ಇನ್ನೂ ಇದೆ. ನಾಳ ಕಟ್ಟಿಕೊಂಡು ಬಂದ ಕಾಮಾಲೆಗೆ ಅದು ಕೆಲಸಕ್ಕೆ ಬಾರದು. ಎರಡು ದಿನ ಹಾಳಾದರೆ ಸೋಂಕು ರಕ್ತಕ್ಕೆ ಏರುತ್ತದೆ.

ಇನ್ನೊಂದು ಗೊಂದಲ ಹೃದಯದ್ದು. ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಸಲ ಎದೆನೋವಾಗಿ ಬರುವುದಿಲ್ಲ. ಹೊಟ್ಟೆಯ ಮೇಲ್ಭಾಗದ ಹಿಂಡುವಿಕೆ, ಬೆವರು, ಉಸಿರುಗಟ್ಟುವಿಕೆ, ವಿಪರೀತ ಸುಸ್ತಾಗಿ ಬರುತ್ತದೆ. ಹಾಗಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇ.ಸಿ.ಜಿ., ಆಮೇಲೆ ಉಳಿದದ್ದು.

ಐವತ್ತರ ನಂತರ ಹೊಸದಾಗಿ ಹೊಟ್ಟೆ ಉಬ್ಬರಿಸಿ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಿ, ತಿಂಗಳಲ್ಲಿ ಹತ್ತು-ಹನ್ನೆರಡು ದಿನ ಹೀಗೇ ಆಗುತ್ತಿದ್ದರೆ ಅಂಡಾಶಯವನ್ನೂ ಪರೀಕ್ಷಿಸಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಇದನ್ನು ಗಂಡನಿಗೆ, ಮಗನಿಗೆ ಹೇಳಲು ನಾಚುವವರು ಸೊಸೆಗೋ ಮಗಳಿಗೋ ಹೇಳಲಿ. ಮಂಡಿನೋವಿನ ಮಾತ್ರೆಯನ್ನು ಏಕಾಶನದ ದಿನ ಖಾಲಿ ಹೊಟ್ಟೆಯಲ್ಲಿ ನುಂಗಿ ಹುಣ್ಣು ಮಾಡಿಕೊಳ್ಳುವವರೂ ಇದ್ದಾರೆ. ಆ ಮಾತ್ರೆ ಊಟದ ನಂತರವೇ.

ಕಲ್ಲು ಇದೆ ಎಂದಾಗ

ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡು, ನೋವು ಎಂದೂ ಬಂದಿಲ್ಲವಾದರೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ತೊಂದರೆಯಾಗುವುದಿಲ್ಲ. ಕಲ್ಲು ಮೂರು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಒಳಗೆ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಂಟು ಇದ್ದರೆ, ಚೀಲದ ಗೋಡೆ ಸುಣ್ಣಗಟ್ಟಿದ್ದರೆ ಮಾತು ಬೇರೆ. ಅಲ್ಲಿ ಕ್ಯಾನ್ಸರಿನ ಭಯವಿರುತ್ತದೆ. ಆದರೆ ಒಮ್ಮೆ ನೋವು ಬಂದವರಲ್ಲಿ ಬಹುಪಾಲು ಜನರಿಗೆ ಮತ್ತೆ ಬರುತ್ತದೆ. ಅವರಿಗೆ ಚೀಲ ತೆಗೆಸುವುದೇ ಪರಿಹಾರ. ಕಲ್ಲು ಮಾತ್ರ ತೆಗೆದು ಚೀಲ ಬಿಟ್ಟರೆ ಅದು ಮತ್ತೆ ಕಲ್ಲು ಮಾಡುತ್ತದೆ.

ಬಾಳೆದಿಂಡಿನ ರಸ ಕುಡಿದರೆ ಕರಗುತ್ತದೆ ಎಂಬ ನಂಬಿಕೆ ಮೂತ್ರಪಿಂಡದ ಕಲ್ಲಿನ ಕಡೆಯಿಂದ ಬಂದದ್ದು. ಮೂತ್ರದ ದಾರಿ ಬೇರೆ, ಪಿತ್ತದ ದಾರಿ ಬೇರೆ. ಮೊಬೈಲ್ ಸಂದೇಶಗಳಲ್ಲಿ ಓಡಾಡುವ ಆಲಿವ್ ಎಣ್ಣೆ-ನಿಂಬೆರಸದ ಚಿಕಿತ್ಸೆಯಲ್ಲಿ ಮರುದಿನ ಮಲದಲ್ಲಿ ಬೀಳುವ ಹಸಿರು ಉಂಡೆಗಳು ಕಲ್ಲಲ್ಲ. ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು.

ಹೊಟ್ಟೆ ಕೊಯ್ಯುತ್ತಾರೆ ಎಂಬ ಹೆದರಿಕೆಗೆ ಹಿಂದೆ ಕಾರಣವಿತ್ತು. ಬರ್ಲಿನ್ನಿನ ಲಾಂಗನ್‌ಬುಖ್ 1882ರಲ್ಲಿ ಮೊದಲು ಪಿತ್ತಕೋಶ ತೆಗೆದಂದಿನಿಂದ ನೂರು ವರ್ಷ ಇದು ಪಕ್ಕೆಯ ಕೆಳಗೆ ಉದ್ದಕ್ಕೆ ಕೊಯ್ದು ಮಾಡುವ ಆಪರೇಷನ್ನೇ ಆಗಿತ್ತು. 1985ರಲ್ಲಿ ಜರ್ಮನಿಯಲ್ಲಿ ಎರಿಕ್ ಮ್ಯೂಹೆ ದೂರದರ್ಶಕದ ಕೊಳವೆ ತೂರಿಸಿ ಮಾಡಿದರು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯ ಆರಂಭಿಸಿದರು. ಈಗ ಮೂರು-ನಾಲ್ಕು ಸಣ್ಣ ರಂಧ್ರ, ಒಂದೆರಡು ದಿನ ಆಸ್ಪತ್ರೆ, ಒಂದೆರಡು ವಾರದಲ್ಲಿ ಮನೆಗೆಲಸ. ಊತ ಹೆಚ್ಚಿದ್ದರೆ ಮಧ್ಯದಲ್ಲಿ ತೆರೆದು ಮಾಡಬೇಕಾಗಿ ಬರುವುದುಂಟು. ತಡ ಮಾಡಿದವರಲ್ಲಿ ಇದು ಹೆಚ್ಚು. ಚೀಲ ಹೋದ ಮೇಲೂ ಲಿವರ್ ರಸ ಮಾಡುತ್ತಲೇ ಇರುತ್ತದೆ, ನೇರ ಕರುಳಿಗೆ ಸುರಿಯುತ್ತದೆ. ಕೆಲವರಿಗೆ ಕೆಲವು ವಾರ ಭೇದಿಯಾಗಬಹುದು, ಬಹುತೇಕ ಸರಿಹೋಗುತ್ತದೆ.

ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಮೂರೂ ಊರಿಗೆ ಸುಮಾರು ಮೂವತ್ತು-ನಲವತ್ತು ಕಿಲೋಮೀಟರಿನಲ್ಲಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ತುರ್ತಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿಂದಲೇ ಮುಂದಿನ ಪತ್ರ. ಖಾಸಗಿ ವಿಮೆ ಇರುವ ವ್ಯಾಪಾರಸ್ಥರು ಪಾಲಿಸಿಯ ಸಣ್ಣಕ್ಷರ ಓದಬೇಕು. ಪಿತ್ತಕೋಶದ ಕಲ್ಲಿಗೆ ಸಾಮಾನ್ಯವಾಗಿ ಮೊದಲ ಎರಡು ವರ್ಷ ಹಣ ಬರುವುದಿಲ್ಲ. ಮನೆಯ ಗಂಡಸರ ಹೆಸರಿಗೆ ಮಾತ್ರ ವಿಮೆ ಮಾಡಿಸಿ ಹೆಂಗಸರನ್ನು ಬಿಟ್ಟಿರುವ ಮನೆಗಳು ಕಡಿಮೆಯಿಲ್ಲ.

ಔಷಧಿಯೊಳಗೆ ಏನಿದೆ

ಜೈನ ಮನೆಗಳಲ್ಲಿ ತಪ್ಪದೆ ಏಳುವ, ಆದರೆ ಡಾಕ್ಟರ ಮುಂದೆ ಕೇಳಲು ಹಿಂಜರಿಯುವ ಪ್ರಶ್ನೆ ಇದು. ಔಷಧಿಗಳ ಮೇಲೆ ತಿಂಡಿ ಪೊಟ್ಟಣದಂತೆ ಹಸಿರು ಚುಕ್ಕೆ ಕಡ್ಡಾಯವಿಲ್ಲ. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಟಿನ್, ಅಂದರೆ ಪ್ರಾಣಿಯ ಮೂಳೆ-ಚರ್ಮದ್ದು, ಎಚ್.ಪಿ.ಎಂ.ಸಿ. ಎಂದು ಬರೆದಿದ್ದರೆ ಸಸ್ಯಮೂಲದ್ದು. ಕಲ್ಲು ಕರಗಿಸಲೆಂದು ಕೊಡುವ ಯುರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಹೆಸರೇ ಕರಡಿಯಿಂದ ಬಂದದ್ದು. ಈಗ ಅದನ್ನು ಹೆಚ್ಚಾಗಿ ದನದ ಪಿತ್ತದಿಂದ ಪಡೆದ ಆಮ್ಲದಿಂದ ತಯಾರಿಸುತ್ತಾರೆ. ಅದು ಸಣ್ಣ ಕೊಲೆಸ್ಟರಾಲ್ ಕಲ್ಲಿಗೆ ಮಾತ್ರ, ತಿಂಗಳುಗಟ್ಟಲೆ ನುಂಗಿದರೆ ಸ್ವಲ್ಪ ಕೆಲಸ ಮಾಡುತ್ತದೆ. ನಿಲ್ಲಿಸಿದ ಮೇಲೆ ಎಷ್ಟೋ ಜನರಿಗೆ ಕಲ್ಲು ಮತ್ತೆ ಆಗುತ್ತದೆ. ಆದ್ದರಿಂದ “ಇದು ನನಗೆ ಬೇಕೇ ಬೇಕೇ?” ಎಂದು ಕೇಳುವುದರಲ್ಲಿ ತಪ್ಪಿಲ್ಲ. ಜೀರ್ಣಕ್ಕೆ ಕೊಡುವ ಪ್ಯಾಂಕ್ರಿಯಾಟಿನ್ ಹಂದಿಯದು. ಪಪ್ಪಾಯಿಯ ಪಪೈನ್ ಇರುವ ಔಷಧಿಗಳೂ ಸಿಗುತ್ತವೆ, ಆದರೆ ಪ್ಯಾಂಕ್ರಿಯಾಸ್ ಕೆಟ್ಟವರಿಗೆ ಅದು ಬದಲಿಯಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹಂದಿಯ ಕರುಳಿನಿಂದ ಬರುತ್ತದೆ. ಹೊಲಿಗೆಗೆ ಕರುಳಿನ ದಾರದ ಬದಲು ಕೃತಕ ದಾರ ಬಳಸುವಂತೆ ಮೊದಲೇ ಕೇಳಿಕೊಳ್ಳಬಹುದು.

ಇವನ್ನೆಲ್ಲ ಆಪರೇಷನ್ನಿಗೆ ಒಂದು ವಾರ ಮುಂಚೆ ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಟ್ಟರೆ ಸಾಧ್ಯವಿದ್ದ ಕಡೆ ಬದಲಿಸುತ್ತಾರೆ. ರಾತ್ರಿ ಮಾತ್ರೆ ನುಂಗದ ನಿಯಮವಿದ್ದರೆ ಅದನ್ನೂ ಹೇಳಬೇಕು. ದಿನಕ್ಕೆ ಒಂದು ಅಥವಾ ಎರಡೇ ಸಲ ತೆಗೆದುಕೊಳ್ಳುವ ಔಷಧಿಯನ್ನು ಹಗಲಿಗೆ ಹೊಂದಿಸಬಹುದು. ನಡುರಾತ್ರಿ ತುರ್ತಾಗಿ ಸೇರಿದಾಗ ಈ ಚರ್ಚೆಗೆ ಸಮಯವಿರುವುದಿಲ್ಲ, ಜೀವ ಉಳಿಸುವ ಔಷಧಿಯನ್ನು ಬೇಡ ಎನ್ನಲೂ ಬಾರದು. ನಿಯಮ ಉಳಿಸಿಕೊಳ್ಳಬೇಕೆನ್ನುವವರಿಗೆ ದಿನ ಗೊತ್ತುಮಾಡಿ ಆಪರೇಷನ್ ಮಾಡಿಸಿಕೊಳ್ಳುವುದೇ ಅನುಕೂಲ. ದಶಲಕ್ಷಣ ಮುಗಿಯಲಿ, ದೀಪಾವಳಿ ಕಳೆಯಲಿ, ಮದುವೆ ಆಗಲಿ ಎಂದು ಕಾಯದೆ, ನೋವು ಬಂದ ಕೆಲವೇ ವಾರಗಳಲ್ಲಿ ದಿನ ನೋಡಿಕೊಳ್ಳಬೇಕು.

ಆಸ್ಪತ್ರೆಯ ಊಟದಲ್ಲಿ ಆಲೂಗಡ್ಡೆ, ಈರುಳ್ಳಿ ಇರುವುದರಿಂದ ಮನೆಯಿಂದ ಗಂಜಿ, ತೊವ್ವೆ, ಸೋರೆಕಾಯಿ ಪಲ್ಯ ಸೂರ್ಯಾಸ್ತಕ್ಕೆ ಮುಂಚೆ ತಲುಪುವಂತೆ ಒಬ್ಬರು ಹೊಣೆ ಹೊರಬೇಕು. ಹಾಸನದಲ್ಲಿ ನೆಂಟರಿಲ್ಲದವರು ಅಲ್ಲಿನ ಸಮಾಜದವರಿಗೆ ಮುಂಚೆಯೇ ತಿಳಿಸಿದರೆ ಒಳ್ಳೆಯದು. ಮತ್ತೆ ಏಕಾಶನ, ಉಪವಾಸ ಯಾವಾಗಿನಿಂದ ಎಂಬುದನ್ನು ಹೊಲಿಗೆ ತೋರಿಸಲು ಹೋದ ದಿನ ಕೇಳಬೇಕು. ತೆಗೆದ ಪಿತ್ತಕೋಶವನ್ನು ಪ್ರಯೋಗಾಲಯಕ್ಕೆ ಕಳಿಸಿರುತ್ತಾರೆ. ಅದರ ಬಯಾಪ್ಸಿ ವರದಿಯನ್ನೂ ಆ ದಿನವೇ ಕೇಳಿ ಪಡೆದು, ಓದಿಸಿಕೊಂಡು, ಸ್ಕ್ಯಾನಿಂಗ್ ಕಾಗದಗಳ ಜೊತೆ ಒಂದೇ ಫೈಲಿನಲ್ಲಿ ಇಡಬೇಕು.